ರಷ್ಯನ್ ಸೊನ್ನೆಯಿಂದ ಶುರು ಮಾಡಿದವರು ಯಾರಾದರೂ ಇದ್ದೀರಾ?

ಪ್ರಶ್ನೆ, ತೀರ್ಥಹಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಡಾಕ್ಟರ್ ಓದಲು ಸೆಪ್ಟೆಂಬರಿನಲ್ಲಿ ರಷ್ಯಾಕ್ಕೆ ಹೊರಟಿದ್ದೇನೆ. ಪಾಠ ಇಂಗ್ಲಿಷಿನಲ್ಲೇ. ಆದರೆ ಆಸ್ಪತ್ರೆಯಲ್ಲಿ ರೋಗಿಗಳ ಹತ್ತಿರ ರಷ್ಯನ್ನಿನಲ್ಲೇ ಮಾತಾಡಬೇಕು ಅಂತ ಸೀನಿಯರ್‌ಗಳು ಹೇಳುತ್ತಾರೆ. ನನಗೆ ಒಂದಕ್ಷರವೂ ಬರುವುದಿಲ್ಲ. ನಾಲ್ಕು ತಿಂಗಳಿದೆ. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಶಿವಮೊಗ್ಗದಿಂದ:

ನಾನು ಎರಡು ವರ್ಷದಿಂದ ಕಲಿಯುತ್ತಿದ್ದೇನೆ. ಕೆಲಸಕ್ಕಲ್ಲ, ಸುಮ್ನೆ ಹುಚ್ಚಿಗೆ. ಚಿಕ್ಕವನಿದ್ದಾಗ ನಮ್ಮ ಸ್ಕೂಲ್ ಪುಸ್ತಕಕ್ಕೆಲ್ಲ ಸೋವಿಯತ್ ಪತ್ರಿಕೆಯ ನುಣುಪು ಹಾಳೆಯದ್ದೇ ಹೊದಿಕೆ. ಆ ಹಿಮದ ಫೋಟೋಗಳ ಗುಂಗು ಇನ್ನೂ ಬಿಟ್ಟಿಲ್ಲ.

ಅಕ್ಷರಕ್ಕೆ ಹೆದರಬೇಡಿ. ಒಟ್ಟು 33. ಕಾಗುಣಿತ, ಒತ್ತಕ್ಷರ ಎಲ್ಲ ದಾಟಿ ಬಂದವರಿಗೆ ಅದೇನು ಮಹಾ? ದಿನಾ ಬರೆದರೆ ಒಂದು ವಾರ, ಹತ್ತು ದಿನ. ಮೋಸ ಮಾಡುವುದು ಇಂಗ್ಲಿಷಿನ ಹಾಗೆ ಕಾಣುವ ಅಕ್ಷರಗಳು. ಪಿ ಹಾಗಿರುವುದು 'ರ', ಸಿ ಹಾಗಿರುವುದು 'ಸ', ಎಚ್ ಹಾಗಿರುವುದು 'ನ'. ಒಂದು ಹೋಟೆಲ್ ಬೋರ್ಡಿನ ಫೋಟೋ ನೋಡಿ ನಾನು 'ಪೆಕ್ಟೋಪಾ' ಅಂತ ಓದಿದ್ದೆ. ಅದು 'ರಿಸ್ತರಾನ್', ನಮ್ಮ ರೆಸ್ಟೋರೆಂಟೇ.

ಇಂಗ್ಲಿಷ್ ಮೂಲಕ ಕಲಿಸುವವರು 'ರಷ್ಯನ್ನಿನಲ್ಲಿ ಈಸ್ ಇಲ್ಲ, ಎ ಇಲ್ಲ, ದಿ ಇಲ್ಲ' ಅಂತ ದೊಡ್ಡ ಸುದ್ದಿ ಮಾಡುತ್ತಾರೆ. ನಮಗೆ ಅದರಲ್ಲಿ ಹೊಸದೇನಿದೆ? 'ಎತ ದೋಮ್' ಅಂದರೆ 'ಇದು ಮನೆ'. ಎರಡು ಪದಕ್ಕೆ ಎರಡೇ ಪದ. 'ಮ್ನೆ ಖೋಲದ್ನ' ಅಂದರೆ 'ನನಗೆ ಚಳಿ'. ಈ 'ನನಗೆ' ಇಂಗ್ಲಿಷಿನವರಿಗೆ ತಲೆನೋವು, ನಮಗೆ ಮನೆಮಾತು. ಹಾಗಾಗಿ ಪ್ರತಿ ಹೊಸ ವಾಕ್ಯದ ಪಕ್ಕ ಕನ್ನಡದ ಅರ್ಥವನ್ನೇ ಬರೆದುಕೊಳ್ಳಿ. ನೀನು, ನೀವು ಅನ್ನುವ ಭೇದವೂ ಇದೆ: 'ತಿ', 'ವಿ'. ಮೇಷ್ಟ್ರಿಗೆ 'ತಿ' ಅಂದೀರಿ, ಜೋಕೆ.

ವಿಭಕ್ತಿ ಆರು. ಹೈಸ್ಕೂಲಿನಲ್ಲಿ ಏಳು ಬಾಯಿಪಾಠ ಮಾಡಿದವರು ನಾವು, ಅಲ್ವಾ? ಆದರೆ ಇಲ್ಲಿ ಕಷ್ಟ ಇರುವುದು ನಿಜ. ಪದ ಗಂಡೋ ಹೆಣ್ಣೋ ನಪುಂಸಕವೋ ನೋಡಿ ಬಾಲ ಬದಲಾಗುತ್ತದೆ. ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ. ಹೀಗೇ ಯಾಕೆ ಅಂತ ಕೇಳಬಾರದು. ನಾನು ನಮ್ಮ ಊರುಗಳ ಹೆಸರು ಇಟ್ಟುಕೊಂಡೇ ಅಭ್ಯಾಸ ಮಾಡಿದೆ. 'ಅ'ಕಾರದಲ್ಲಿ ಮುಗಿಯುವ ಊರು ಹೆಣ್ಣು. ಶಿವಮೊಗ್ಗಕ್ಕೆ ಅನ್ನಲು 'ವ ಶಿವಮೊಗ್ಗು', ಶಿವಮೊಗ್ಗದಲ್ಲಿ ಅನ್ನಲು 'ವ ಶಿವಮೊಗ್ಗೆ'. ಸಾಗರವೂ ಹಾಗೇ. ನಿಮ್ಮ ತೀರ್ಥಹಳ್ಳಿ 'ಇ'ಯಲ್ಲಿ ಮುಗಿಯುತ್ತದೆ. ದೆಹಲಿಗೆ ಅವರು ಹೇಳುವ 'ದೇಲಿ'ಯ ಹಾಗೆ ಯಾವ ವಿಭಕ್ತಿಗೂ ಅಲ್ಲಾಡುವುದಿಲ್ಲ. ಪುಣ್ಯವಂತರು.

ಸಾಗರದಿಂದ:

ನಾನು ವ್ಯಾಕರಣ ಕಲಿತವನಲ್ಲ, ಟ್ಯಾಕ್ಸಿ ಓಡಿಸುವವನು. ಗೋಕರ್ಣಕ್ಕೆ ಬಂದ ರಷ್ಯನ್ನರನ್ನು ಜೋಗಕ್ಕೆ ಕರೆದುಕೊಂಡು ಬರುವಾಗ ಕಿವಿಗೆ ಬಿದ್ದದ್ದಷ್ಟೇ. ಟೀಗೆ ಅವರೂ 'ಚಾಯ್' ಅನ್ನುತ್ತಾರೆ, ಸಕ್ಕರೆಗೆ 'ಸಾಖರ್'. ಅಷ್ಟಕ್ಕೇ ಖುಷಿಯಾಗಿ ಎಲ್ಲವನ್ನೂ ಡೈರಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಅದೇ ತಪ್ಪಾಯಿತು. ಅಣ್ಣತಮ್ಮನಿಗೂ 'ಬ್ರಾತ್', ತಗೊಳ್ಳುವುದಕ್ಕೂ 'ಬ್ರಾತ್' ಅಂತ ಬರೆದಿದ್ದೇನೆ. ಅವರ ಬಾಯಲ್ಲಿ ಒಂದರ ಕೊನೆಯ 'ತ' ಗಟ್ಟಿ, ಇನ್ನೊಂದರದ್ದು ಮೆತ್ತಗೆ. ಅದು ನಮ್ಮ ಅಕ್ಷರದಲ್ಲಿ ಕೂರುವುದಿಲ್ಲ. ತಂಗೀ, ಮೊದಲ ವಾರದಿಂದಲೇ ಅವರ ಅಕ್ಷರದಲ್ಲೇ ಬರಿ.

ಹೊಸನಗರದಿಂದ:

ನಾನೂ ಹೊಸಬಳೇ, ಆರು ತಿಂಗಳಾಯಿತು. ಅಡಿಕೆ ಸುಲಿಯುವಾಗ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದೇ ಪಾಠವನ್ನು ನಾಲ್ಕೈದು ಸಲ ಕೇಳುತ್ತೇನೆ. ಕೈಗೆ ಕೆಲಸ ಇದ್ದಾಗ ಕಿವಿ ಚುರುಕು. ಮೊಬೈಲ್ ಆಪ್ ಪದ ಕಲಿಯಲು ಪರವಾಗಿಲ್ಲ. ಅದನ್ನೇ ನಂಬಿ ಕೂತರೆ ಮಾತು ಬರುವುದಿಲ್ಲ.

ಶಿವಮೊಗ್ಗದಿಂದ, ಅಲ್ಲೇ ಓದಿ ಬಂದ ಡಾಕ್ಟರ್:

ಮೇಲಿನವರು ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ. ಪದದಲ್ಲಿ ಯಾವ ಭಾಗವನ್ನು ಒತ್ತಿ ಹೇಳಬೇಕು ಅನ್ನುವುದು. ಒತ್ತು ಬೀಳದ 'ಒ' ಬಾಯಲ್ಲಿ 'ಅ' ಆಗುತ್ತದೆ. ಹಾಲಿಗೆ ಬರೆಯುವುದು 'ಮೊಲೊಕೊ', ಹೇಳುವುದು 'ಮಲಕೋ'. ಒತ್ತು ತಪ್ಪಿದರೆ ಅರ್ಥವೇ ಕೆಡುತ್ತದೆ. ಮೊದಲ ವರ್ಷ ಕ್ಲಾಸಿನಲ್ಲಿ ಎದ್ದು ನಿಂತು 'ನನಗೆ ಬರೆಯುವುದು ಅಂದರೆ ಇಷ್ಟ' ಅಂತ ಗಂಭೀರವಾಗಿ ಹೇಳಿದೆ. ಬರೆಯುವುದಕ್ಕೆ 'ಪಿಸಾತ್', ಒತ್ತು 'ಸಾ' ಮೇಲೆ. ನಾನು 'ಪಿ' ಮೇಲೆ ಹಾಕಿದ್ದೆ. ಆಗ ಅದು ಒಂದಕ್ಕೆ ಹೋಗುವುದು ಅಂತಾಗುತ್ತದೆ. ಇಡೀ ಕ್ಲಾಸು ನಕ್ಕಿತು, ಟೀಚರೂ ಬಿಡಲಿಲ್ಲ.

ಕೈಬರಹವನ್ನು ಈಗಲೇ ಕಲಿಯಿರಿ. ಅಚ್ಚಿನ 'ತ' ಕೈಬರಹದಲ್ಲಿ ಇಂಗ್ಲಿಷಿನ ಸಣ್ಣ ಎಂ ಆಗಿಬಿಡುತ್ತದೆ. ಕೇಸ್ ಶೀಟ್ ನೋಡಿ ನಾನು ಕಂಗಾಲಾಗಿದ್ದೆ.

ವಾರ್ಡಿಗೆ ಬೇಕಾದ ಮೂರು ಮಾತು ಈಗಲೇ ಇಟ್ಟುಕೊಳ್ಳಿ. 'ಗ್ದ್ಯೆ ಬಲೀತ್?' ಅಂದರೆ ಎಲ್ಲಿ ನೋವು. 'ದಿಷೀತೆ', ಉಸಿರಾಡಿ. 'ನಿ ದಿಷೀತೆ', ಉಸಿರು ಹಿಡಿಯಿರಿ. ಶ, ಷ ಭೇದ ನಿಮ್ಮ ಬಾಯಲ್ಲಿ ಇನ್ನೂ ಉಳಿದಿದ್ದರೆ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ತೀರ್ಥಹಳ್ಳಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟ್ರೇ, ಒತ್ತು ಎಲ್ಲಿ ಅಂತ ಗೊತ್ತಾಗುವುದು ಹೇಗೆ?

ಡಾಕ್ಟರ್:

ಪೇಪರಿನಲ್ಲಿ, ಮಾಮೂಲಿ ಪುಸ್ತಕದಲ್ಲಿ ಗುರುತು ಇರುವುದಿಲ್ಲ. ಹೊಸಬರ ಪಠ್ಯದಲ್ಲಿ, ನಿಘಂಟಿನಲ್ಲಿ ಇರುತ್ತದೆ. ಇಂಗ್ಲಿಷ್ ವಿಕ್ಷನರಿಯಲ್ಲೂ ಇದೆ, ಜೊತೆಗೆ ಆರು ವಿಭಕ್ತಿಯ ಪಟ್ಟಿಯೂ ಸಿಗುತ್ತದೆ. ಪೇಟೆಯಲ್ಲಿ ನೆಟ್‌ವರ್ಕ್ ಸಿಕ್ಕಾಗ ಆಡಿಯೋ ಎಲ್ಲ ಇಳಿಸಿಟ್ಟುಕೊಳ್ಳಿ. ಮಳೆ ಶುರುವಾಗುವ ಮೊದಲೇ.