ಅಪ್‌ಡೇಟ್: ಟೈಪಿಂಗ್ ಟೀಚರನ್ನು ಹುಡುಕುವ ಸಾಕ್ಷ್ಯಚಿತ್ರ ಸಿಕ್ಕಿತು

ಹಾಸನದ ಟೈಪಿಂಗ್ ಕ್ಲಾಸಿನಲ್ಲಿ ನಾವು ಎಎಸ್‌ಡಿಎಫ್ ಒತ್ತಿ ಕಲಿತ ಸಾಫ್ಟ್‌ವೇರಿನ ಕವರಿನ ಮೇಲೆ ಫೋಟೋ ಇದ್ದ ಟೀಚರ್ ಯಾರು, ಅವರನ್ನು ಹುಡುಕುವ ಸಾಕ್ಷ್ಯಚಿತ್ರ ಯಾವುದು ಅಂತ ಕೇಳಿದ್ದೆ. ಸಿಕ್ಕಿತು: ‘ಸೀಕಿಂಗ್ ಮೇವಿಸ್ ಬೀಕನ್’, ನಿರ್ದೇಶಕಿ ಜಾಜ್ಮಿನ್ ಜೋನ್ಸ್.

ಸಿಡಿ ಕವರಿನ ಫೋಟೋ ಹಾಕಿ ಹುಡುಕಿದ್ದು ಕೆಲಸಕ್ಕೆ ಬರಲಿಲ್ಲ. ಬೇರೆ ಬೇರೆ ಆವೃತ್ತಿಗಳಲ್ಲಿ ಮುಖವೂ ಬೇರೆ! ಹಳೇ ಇನ್‌ಸ್ಟಿಟ್ಯೂಟಿನವರಿಗೂ ನೆನಪಿಲ್ಲ. ಅಮೆರಿಕದ 2024ರ ಸನ್‌ಡಾನ್ಸ್ ಚಿತ್ರೋತ್ಸವದ ಪಟ್ಟಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅಲ್ಲೇ ಇತ್ತು.

ಮೇವಿಸ್ ಬೀಕನ್ ಅನ್ನೋ ಟೀಚರ್ ಇರಲೇ ಇಲ್ಲ, ಗೊತ್ತಾ? ಅದು ಕಂಪನಿಯವರು ಕಟ್ಟಿದ ಹೆಸರು. 1987ರಲ್ಲಿ ಬಂದ ಸಾಫ್ಟ್‌ವೇರಿನ ಮೊದಲ ಡಬ್ಬದ ಮೇಲಿನ ಫೋಟೋದಲ್ಲಿದ್ದವರು ಹೈಟಿಯಲ್ಲಿ ಹುಟ್ಟಿದವರು, ಅಮೆರಿಕದ ಅಂಗಡಿಯೊಂದರಲ್ಲಿ ಸೆಂಟ್ ಮಾರುತ್ತಿದ್ದರು. ಸಿಗೋಕೆ ಇಷ್ಟವಿಲ್ಲದವರನ್ನು ಹುಡುಕೋದು ಸರಿನಾ ಅಂತಲೂ ಚಿತ್ರ ಕೇಳುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಆ ಭಾಗವೇ.