ಸಹಾಯ ಬೇಕು: ಶ್ವಾಸಕೋಶದ ರಕ್ತನಾಳ ಮುಚ್ಚಿಸಿದ ಮೇಲೆ ಎದೆನೋವು

ನಮಸ್ಕಾರ, ನಾವು ಚಿಂತಾಮಣಿಯವರು. ಅಪ್ಪನಿಗೆ ಹಿಂದೆ ಟಿಬಿ ಆಗಿ ವಾಸಿಯಾಗಿತ್ತು. ಈಚೆಗೆ ಕೆಮ್ಮಿದರೆ ರಕ್ತ. ಬೆಂಗಳೂರಿನಲ್ಲಿ ತೊಡೆಸಂದಿಯಿಂದ ಕ್ಯಾತಿಟರ್ (ಸಣ್ಣ ನಳಿಕೆ) ಹಾಕಿ ಬ್ರಾಂಕಿಯಲ್ ಆರ್ಟರಿ ಎಂಬೊಲೈಸೇಶನ್ ಮಾಡಿದರು, ಅಂದರೆ ಶ್ವಾಸಕೋಶದಲ್ಲಿ ರಕ್ತ ಸೋರುವ ನಾಳವನ್ನು ಒಳಗಿಂದಲೇ ಮುಚ್ಚಿದರು. ರಕ್ತ ನಿಂತಿದೆ, ಪುಣ್ಯ. ಆದರೆ ಎದೆನೋವು, ಮುದ್ದೆ ಬಿಡಿ, ಗಂಜಿ ನುಂಗೋಕೂ ಕಷ್ಟ. ಇವೆರಡೂ ಆಗುವಂಥದ್ದೇ, ಕೆಲವು ದಿನದಲ್ಲಿ ಇಳಿಯುತ್ತೆ ಅಂದರು ಡಾಕ್ಟರು. ಬೆನ್ನುಹುರಿಗೆ ಹೋಗುವ ರಕ್ತನಾಳ ಮುಚ್ಚಿಕೊಂಡರೆ ಕಾಲು ಸ್ವಾಧೀನ ತಪ್ಪಬಹುದು, ಅಪರೂಪ ಅಂತ ಸಹಿ ಹಾಕಿಸುವಾಗಲೇ ಹೇಳಿದ್ದರು. ದೇವರ ದಯೆ, ಓಡಾಡ್ತಿದ್ದಾರೆ.

ನನ್ನ ಭಯ ಬೇರೆ. ಮತ್ತೆ ರಕ್ತ ಬರುವುದುಂಟಂತೆ. ನಿಮ್ಮಲ್ಲಿ ಯಾರಿಗಾದರೂ ಎರಡನೇ ಸಲ ಮಾಡಿಸಬೇಕಾಯಿತಾ? ರಾತ್ರಿಹೊತ್ತು ಬಂದರೆ ಕೋಲಾರದ ಕಡೆ ಈ ಸೌಲಭ್ಯ ಎಲ್ಲಾದರೂ ಇದೆಯಾ, ಸೀದಾ ಬೆಂಗಳೂರಿಗೇ ಹೋಗಬೇಕಾ? ಮನೆಮದ್ದು ಮಾತ್ರ ಬೇಡ, ಬೀದಿಯವರೆಲ್ಲ ಆಗಲೇ ಹೇಳಿ ಮುಗಿಸಿದ್ದಾರೆ.