ಬ್ಲಾಗ್ ಬರಹ ತಾನಾಗೇ ಫೇಸ್‌ಬುಕ್, ಎಕ್ಸ್, ಮಾಸ್ಟೊಡಾನ್‌ಗೆ ಹೋಗಬೇಕು, ಅಲ್ಲಿನ ಕಾಮೆಂಟು ವಾಪಸ್ ಬರಬೇಕು. ಆಗುತ್ತದಾ?

ಹಳೇಪೆನ್ನು (ಪ್ರಶ್ನೆ)

ನನ್ನದೊಂದು ವರ್ಡ್‌ಪ್ರೆಸ್ ಬ್ಲಾಗ್ ಇದೆ, ಸ್ವಂತ ಡೊಮೈನಿನಲ್ಲಿ. ತಿಂಗಳಿಗೆ ಎರಡೋ ಮೂರೋ ಬರೆಯುತ್ತೇನೆ, ಹುಕಿ ಬಂದರೆ ಜಾಸ್ತಿ. ಮೊದಲೆಲ್ಲ ಓದುವವರು ನೇರವಾಗಿ ಬ್ಲಾಗಿಗೇ ಬರುತ್ತಿದ್ದರು, ಕೆಳಗೆ ಕಾಮೆಂಟು ಹಾಕುತ್ತಿದ್ದರು, ನಾನೂ ಅವರ ಬ್ಲಾಗಿಗೆ ಹೋಗಿ ವಾದ ಮಾಡಿ ಬರುತ್ತಿದ್ದೆ. ಈಗ ಆ ಮಂದಿಯೆಲ್ಲ ಫೇಸ್‌ಬುಕ್ಕಿನಲ್ಲಿ, ಎಕ್ಸ್‌ನಲ್ಲಿ, ಕೆಲವರು ಬೇರೆ ಬೇರೆ ಸರ್ವರ್‌ಗಳು ಸೇರಿ ಆದ ಮಾಸ್ಟೊಡಾನ್ ಅನ್ನುವ ಜಾಲದಲ್ಲಿ ಇದ್ದಾರೆ. ಪ್ರತಿ ಸಲ ಬರೆದಾದ ಮೇಲೆ ಲಿಂಕು ಹಿಡಿದುಕೊಂಡು ನಾಲ್ಕು ಕಡೆ ಅಲೆಯುವುದು ಸಾಕಾಗಿದೆ.

ನನಗೆ ಬೇಕಾಗಿರುವುದು ಇಷ್ಟೇ. ಪಬ್ಲಿಶ್ ಒತ್ತಿದರೆ ಎಲ್ಲ ಕಡೆಗೂ ಹೋಗಬೇಕು, ಅಲ್ಲಿ ಯಾರಾದರೂ ಏನಾದರೂ ಬರೆದರೆ ಅದು ನನ್ನ ಬ್ಲಾಗಿನ ಕೆಳಗೆ ಬಂದು ಕೂರಬೇಕು. ಒಂದು ಪ್ಲಗಿನ್ ಹಾಕಿ ನೋಡಿದೆ. ಫೇಸ್‌ಬುಕ್ಕಿಗೆ ಲಾಗಿನ್ ಆಗುತ್ತದೆ, ಆದರೆ ಎಲ್ಲಿಗೆ ಕಳಿಸಬೇಕು ಅಂತ ತೋರಿಸುವ ಪಟ್ಟಿಯಲ್ಲಿ ನನ್ನ ಖಾತೆಯೇ ಇಲ್ಲ! ಎಂದೋ ಮಾಡಿ ಮರೆತಿದ್ದ ಒಂದು ಪೇಜ್ ಮಾತ್ರ ಬರುತ್ತಿದೆ. ಸರಿ ಹೋಗಲಿ ಅಂತ ಕೈಯಾರೆ ಲಿಂಕು ಹಾಕಿದರೆ, ಬರಹದ ಚಿತ್ರದ ಬದಲು ಬ್ಲಾಗಿನ ಲೋಗೋ ಕಾಣಿಸುತ್ತದೆ, ಅದೂ ಅರ್ಧ ಕತ್ತರಿಸಿದ ಹಾಗೆ. ವಿಳಾಸವಂತೂ ಶೇಕಡಾ ಚಿಹ್ನೆಗಳ ಸಂತೆ. ನಾನೇ ಎಲ್ಲೋ ತಪ್ಪು ಮಾಡಿದ್ದೇನಾ?

ರಾತ್ರಿಗೂಬೆ

ಫೇಸ್‌ಬುಕ್ ವಿಷಯದಲ್ಲಿ ನಿಮ್ಮ ತಪ್ಪು ಏನೂ ಇಲ್ಲ, ಸುಮ್ನೆ ಸೆಟ್ಟಿಂಗ್ ಹುಡುಕಿ ರಾತ್ರಿ ಹಾಳು ಮಾಡಿಕೊಳ್ಳಬೇಡಿ. 2018ರ ಆಗಸ್ಟ್ 1ರಿಂದ ಹೊರಗಿನ ಯಾವ ಆ್ಯಪ್ ಕೂಡ ಒಬ್ಬರ ವೈಯಕ್ತಿಕ ಗೋಡೆಯ ಮೇಲೆ ತಾನಾಗೇ ಬರೆಯುವ ಹಾಗಿಲ್ಲ. ಅದಕ್ಕೆ ಬೇಕಿದ್ದ ಅನುಮತಿಯನ್ನೇ ಫೇಸ್‌ಬುಕ್ ತೆಗೆದುಹಾಕಿತು. ಪೇಜ್‌ಗಳಿಗೆ ಮಾತ್ರ ಕಳಿಸಬಹುದು, ಅದಕ್ಕೇ ನಿಮ್ಮ ಮರೆತ ಪೇಜ್ ಎದ್ದು ಬಂದಿರುವುದು. ಇದನ್ನು ಹೇಳದೆ "ಫೇಸ್‌ಬುಕ್ ಬೆಂಬಲ ಇದೆ" ಅಂತ ಬರೆದುಕೊಳ್ಳುವ ಪ್ಲಗಿನ್‌ಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎಕ್ಸ್‌ನದು ಬೇರೆ ಕಥೆ. 2023ರ ಫೆಬ್ರವರಿಯಲ್ಲಿ ಹೊರಗಿನ ಆ್ಯಪ್‌ಗಳು ಅಲ್ಲಿ ಬರೆಯಲು ಬಳಸುತ್ತಿದ್ದ ಹಳೆಯ ಉಚಿತ ಎಪಿಐ ನಿಲ್ಲಿಸುತ್ತೇವೆ ಅಂತ ಹೇಳಿದರು, ಅದೇ ವರ್ಷ ವರ್ಡ್‌ಪ್ರೆಸ್‌ನ ಜೆಟ್‌ಪ್ಯಾಕ್ ಪ್ಲಗಿನ್ ಕೂಡ ಅಲ್ಲಿಗೆ ತಾನಾಗೇ ಕಳಿಸುವುದನ್ನು ಕೈಬಿಟ್ಟಿತು. ಇನ್‌ಸ್ಟಾಗ್ರಾಮ್ ಬಗ್ಗೆ ನೀವು ಕೇಳಲಿಲ್ಲ, ಒಳ್ಳೆಯದಾಯಿತು, ಅಲ್ಲಿ ಚಿತ್ರದ ಕೆಳಗೆ ಬರೆದ ಲಿಂಕನ್ನು ಒತ್ತಿದರೆ ಏನೂ ಆಗುವುದಿಲ್ಲ.

ಉಳಿದದ್ದು ಮಾಸ್ಟೊಡಾನ್ ಮತ್ತು ಎಕ್ಸ್‌ನಂಥದ್ದೇ ಇನ್ನೊಂದು ಜಾಲ ಬ್ಲೂಸ್ಕೈ. ಎರಡಕ್ಕೂ ಕಳಿಸುವುದು ಸಲೀಸು, ಹೊಸ ಬರಹಗಳ ಪಟ್ಟಿ ಕೊಡುವ ಆರ್‌ಎಸ್‌ಎಸ್ ಫೀಡ್ ಕೊಟ್ಟರೂ ಸಾಕು. ನಿಮ್ಮ ಬ್ಲಾಗಿನ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಫೀಡ್ ಅಂತ ಇಂಗ್ಲಿಷಿನಲ್ಲಿ ಸೇರಿಸಿ ನೋಡಿ, ಅದು ಇಷ್ಟು ವರ್ಷವೂ ಅಲ್ಲೇ ಇತ್ತು.

ಟ್ಯಾಗ್ ಮುಚ್ಚದವ

ಲೋಗೋ ಸಮಸ್ಯೆಗೆ ನಾನು ಹೇಳುತ್ತೇನೆ, ಇದರಲ್ಲಿ ನನಗೆ ಒಂದು ಇಡೀ ವಾರ ಹೋಗಿದೆ.

ನೀವು ಲಿಂಕು ಅಂಟಿಸಿದಾಗ ಫೇಸ್‌ಬುಕ್ ನಿಮ್ಮ ಪುಟವನ್ನು ಮನುಷ್ಯರ ಹಾಗೆ ನೋಡುವುದಿಲ್ಲ. ಅದರ ಒಂದು ಬಾಟ್ ಬಂದು ಪುಟದ ಹಿಂದಿನ ಕೋಡಾದ ಎಚ್‌ಟಿಎಂಎಲ್‌ನ ತಲೆಭಾಗ ಓದಿ, ಅಲ್ಲಿ ಓಪನ್ ಗ್ರಾಫ್ ಟ್ಯಾಗುಗಳು ಇವೆಯಾ ಅಂತ ಹುಡುಕುತ್ತದೆ. ತಲೆಬರಹಕ್ಕೊಂದು, ವಿವರಣೆಗೊಂದು, ಚಿತ್ರಕ್ಕೊಂದು. ಇದನ್ನು 2010ರಲ್ಲಿ ಫೇಸ್‌ಬುಕ್ಕೇ ತಂದಿದ್ದು, ಈಗ ವಾಟ್ಸ್ಆ್ಯಪ್, ಲಿಂಕ್ಡ್‌ಇನ್, ಮಾಸ್ಟೊಡಾನ್ ಎಲ್ಲವೂ ಅದನ್ನೇ ಓದುತ್ತವೆ. ಎಕ್ಸ್‌ಗೆ ಮಾತ್ರ ಚಿತ್ರ ದೊಡ್ಡದಾಗಿ ಬರಬೇಕೋ ಚಿಕ್ಕದಾಗಿಯೋ ಅಂತ ತನ್ನದೇ ಇನ್ನೊಂದು ಟ್ಯಾಗು ಬೇಕು, ಉಳಿದದ್ದು ಅದೂ ಇಲ್ಲಿಂದಲೇ ಎತ್ತಿಕೊಳ್ಳುತ್ತದೆ.

ನಿಮ್ಮ ಪುಟದ ಸೋರ್ಸ್ ತೆರೆದು ಚಿತ್ರದ ಟ್ಯಾಗು ಎಷ್ಟು ಸಲ ಇದೆ ನೋಡಿ. ನನ್ನ ಊಹೆ, ಎರಡು ಸಲ ಇರುತ್ತದೆ. ಥೀಮ್ ಒಂದು ಹಾಕುತ್ತದೆ, ಹುಡುಕುಯಂತ್ರಗಳಿಗಾಗಿ ಇರುವ ಎಸ್‌ಇಓ ಪ್ಲಗಿನ್ ಇನ್ನೊಂದು ಹಾಕುತ್ತದೆ, ಬಾಟ್ ಮೊದಲು ಕಂಡ ಲೋಗೋ ಎತ್ತಿಕೊಂಡು ಹೋಗುತ್ತದೆ. ಒಂದನ್ನು ಆಫ್ ಮಾಡಿ. ಚಿತ್ರ 1200 ಅಗಲ, 630 ಎತ್ತರ ಪಿಕ್ಸೆಲ್ ಇರಲಿ. ಚೌಕ ಲೋಗೋ ಕೊಟ್ಟರೆ ಕತ್ತರಿಸಿದ ಹಾಗೆ ಕಾಣುವುದು ಅದಕ್ಕೇ.

ಸರಿ ಮಾಡಿದ ಮೇಲೂ ಹಳೆಯದೇ ಬಂದರೆ ಗಾಬರಿ ಬೇಡ. ಒಂದು ಸಲ ಓದಿದ್ದನ್ನು ಅವರು ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತಾರೆ. ಫೇಸ್‌ಬುಕ್ಕಿನ ಶೇರಿಂಗ್ ಡಿಬಗ್ಗರ್‌ನಲ್ಲಿ ವಿಳಾಸ ಹಾಕಿ ಮತ್ತೆ ಓದಿಸಬೇಕು, ಲಿಂಕ್ಡ್‌ಇನ್‌ಗೂ ಪೋಸ್ಟ್ ಇನ್‌ಸ್ಪೆಕ್ಟರ್ ಅಂತ ಇದೆ. ಇದು ಗೊತ್ತಿಲ್ಲದೆ ನಾನು ಸರಿಯಾಗಿದ್ದ ಟ್ಯಾಗನ್ನೇ ಹನ್ನೊಂದು ಸಲ "ಸರಿ" ಮಾಡಿದ್ದೆ.

ಇನ್ನು ಶೇಕಡಾ ಚಿಹ್ನೆಗಳ ಸಂತೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಅನ್ನುವ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ವಿಳಾಸದಲ್ಲಿ ಒಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ, ಅಂದರೆ ಬರೀ "ಕ" ಬರೆದರೂ ಒಂಬತ್ತು. ವರ್ಡ್‌ಪ್ರೆಸ್ ಬರಹದ ಸ್ಲಗ್‌ಗೆ, ಅಂದರೆ ವಿಳಾಸದ ಕೊನೆಯ ತುಂಡಿಗೆ, ಕೊಡುವ ಜಾಗ 200 ಅಕ್ಷರ. ಲೆಕ್ಕ ಹಾಕಿ, 22 ಚಿಹ್ನೆಗೆ ಮುಗಿಯಿತು, ಅದರಲ್ಲಿ ಕೊಂಬು, ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಎಣಿಕೆ. ಉದ್ದ ತಲೆಬರಹ ಇಟ್ಟರೆ ವಿಳಾಸ ನಡುವೆಯೇ ತುಂಡಾಗುತ್ತದೆ. ಪಬ್ಲಿಶ್ ಒತ್ತುವ ಮೊದಲು ಸ್ಲಗ್ ಜಾಗದಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಎರಡು ಮೂರು ಪದ ಬರೆದುಬಿಡಿ. ಗೂಗಲ್‌ನ ಬ್ಲಾಗರ್‌ನಲ್ಲಿರುವವರಿಗೂ ಇದೇ ಮಾತು, ಅಲ್ಲಿ ಬರೀ ಕನ್ನಡದ ತಲೆಬರಹ ಇಟ್ಟರೆ ಎಲ್ಲ ಬರಹಕ್ಕೂ "ಬ್ಲಾಗ್-ಪೋಸ್ಟ್" ಅಂತಲೇ ವಿಳಾಸ, ಪಕ್ಕದಲ್ಲಿ ಒಂದು ನಂಬರ್. ಹಳೆಯ ಬರಹಗಳ ವಿಳಾಸ ಮುಟ್ಟಬೇಡಿ. ವರ್ಡ್‌ಪ್ರೆಸ್ ಹಳೆಯದರಿಂದ ಹೊಸದಕ್ಕೆ ದಾರಿ ತಿರುಗಿಸುತ್ತದೆ ನಿಜ, ಆದರೂ ಯಾಕೆ ಸುಮ್ಮನೆ.

ನಿಧಾನಿ

ಎಲ್ಲರೂ ಹೇಗೆ ಅಂತ ಹೇಳುತ್ತಿದ್ದಾರೆ, ನಾನು ಬೇಡ ಅಂತ ಹೇಳಲು ಬಂದೆ :) ತಾನಾಗೇ ಹೋಗುವ ಪೋಸ್ಟನ್ನು ಯಾರೂ ಓದುವುದಿಲ್ಲ. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ತಲೆಬರಹ, ಮೊದಲ ಸಾಲು ಅರ್ಧಕ್ಕೆ ಕತ್ತರಿಸಿದ್ದು, ಮೂರು ಚುಕ್ಕಿ, ಲಿಂಕು. ಬಾಗಿಲ ಸಂದಿಯಿಂದ ಕರಪತ್ರ ತೂರಿಸಿ ಹೋದ ಹಾಗೆ.

ನನ್ನ ಅನುಭವ ಕೇಳಿ. ನಾನು ಒಂದು ಕಾಲದಲ್ಲಿ ಎಲ್ಲವನ್ನೂ ಎಲ್ಲಕ್ಕೂ ಜೋಡಿಸಿದ್ದೆ. ಬ್ಲಾಗಿನಿಂದ ಜಾಲಕ್ಕೆ ಕಳಿಸುವ ಒಂದು ಸೇವೆ, ಜಾಲದಲ್ಲಿ ದಿನವಿಡೀ ಬರೆದ ಪುಟಾಣಿ ಮಾತುಗಳನ್ನು ಸಂಜೆ ಒಟ್ಟು ಮಾಡಿ ಬ್ಲಾಗಿನಲ್ಲಿ ಒಂದು ಪೋಸ್ಟ್ ಮಾಡುವ ಇನ್ನೊಂದು ಸೇವೆ. ಎರಡೂ ಚೆನ್ನಾಗಿಯೇ ಕೆಲಸ ಮಾಡಿದವು, ಅದೇ ತೊಂದರೆ. ಸಂಜೆಯ ಒಟ್ಟುಪೋಸ್ಟ್ ಜಾಲಕ್ಕೆ ಹೋಯಿತು. ಮರುದಿನ ಸಂಜೆ "ನಿನ್ನೆಯ ಮಾತುಗಳು" ಅನ್ನುವ ಆ ಪೋಸ್ಟ್ ಕೂಡ ಒಂದು ಮಾತಾಗಿ ಬ್ಲಾಗಿಗೆ ಬಂತು. ಅದು ಮತ್ತೆ ಹೋಯಿತು. ನಾನು ಆ ವಾರ ಜ್ವರ ಬಂದು ಮಲಗಿದ್ದೆ, ಒಂದಕ್ಷರ ಬರೆದಿರಲಿಲ್ಲ, ಆದರೂ ಬ್ಲಾಗ್ ಪ್ರತಿದಿನ ತನ್ನ ಬಗ್ಗೆ ತಾನೇ ವರದಿ ಕೊಟ್ಟುಕೊಂಡಿತ್ತು. ಗೆಳೆಯನೊಬ್ಬ ಫೋನ್ ಮಾಡಿ ಕೇಳಿದ ಮೇಲೆಯೇ ನನಗೆ ಗೊತ್ತಾಗಿದ್ದು.

ಈಗ ನಾನು ಕೈಯಾರೆ ಹಾಕುತ್ತೇನೆ. ಲಿಂಕಿನ ಜೊತೆ ನಾಲ್ಕು ಸಾಲು, ಆ ಜಾಗಕ್ಕೇ ಅಂತ ಬರೆದದ್ದು. ಬ್ಲಾಗಿನ ಮೊದಲ ಪ್ಯಾರಾ ಅಲ್ಲ. "ಇದನ್ನು ಬರೆಯುವಾಗ ನನಗೇ ಅನುಮಾನ ಇತ್ತು, ಈ ಭಾಗ ನೀವು ಒಪ್ಪುತ್ತೀರಾ" ಅಂತ ಕೇಳಿದರೆ ಜನ ಮಾತಾಡುತ್ತಾರೆ. ಎಷ್ಟೋ ಸಲ ಇಡೀ ಬರಹವನ್ನೇ ಫೇಸ್‌ಬುಕ್ಕಿಗೆ ಅಂಟಿಸುವುದೂ ಉಂಟು. ಲಿಂಕು ಒತ್ತಿ ಹೊರಗೆ ಹೋಗಲು ಬಹಳ ಜನಕ್ಕೆ ಸೋಮಾರಿತನ.

ರಾತ್ರಿಗೂಬೆ

ನಿಧಾನಿ, ಇಡೀ ಬರಹ ಅಂಟಿಸುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಆಮೇಲೆ ಬ್ಲಾಗಿನಲ್ಲಿ ಒಂದು ತಪ್ಪು ತಿದ್ದಿದರೆ ಅಲ್ಲಿ ತಪ್ಪೇ ಉಳಿಯುತ್ತದೆ. ಮೂರು ವರ್ಷದ ಹಿಂದಿನ ಫೇಸ್‌ಬುಕ್ ಪೋಸ್ಟನ್ನು ಹುಡುಕಿ ತೆಗೆಯುವುದು ನಿಮಗೇ ಕಷ್ಟ, ಬೇರೆಯವರಿಗೆ ಇನ್ನೆಲ್ಲಿ. ಮೀಡಿಯಂನಂಥ ಬ್ಲಾಗ್ ತಾಣಗಳಲ್ಲಿ ಇಂಪೋರ್ಟ್ ಮಾಡಿದರೆ "ಮೂಲ ಇಲ್ಲಿದೆ" ಅಂತ ಹುಡುಕುಯಂತ್ರಗಳಿಗೆ ಹೇಳುವ ಕ್ಯಾನಾನಿಕಲ್ ಕೊಂಡಿಯನ್ನು ಅವರೇ ಹಾಕುತ್ತಾರೆ. ಫೇಸ್‌ಬುಕ್ ಪೋಸ್ಟಿನಲ್ಲಿ ಆ ಸೌಕರ್ಯ ಇಲ್ಲ.

ನಿಧಾನಿ

ತಿದ್ದಿದ್ದು ಅಲ್ಲಿ ಹೋಗುವುದಿಲ್ಲ, ಒಪ್ಪಿದೆ. ಆದರೆ ಓದಿದರೆ ತಾನೇ ತಪ್ಪು ಸಿಗುವುದು.

ಬೇಲಿಹೂ

ಕಾಮೆಂಟು ವಾಪಸ್ ತರುವ ಬಗ್ಗೆ ಯಾರೂ ಹೇಳಲಿಲ್ಲ, ಮೂಲ ಪ್ರಶ್ನೆಯಲ್ಲಿ ನಿಜವಾಗಿ ಕಷ್ಟದ ಭಾಗ ಅದೇ ಅಲ್ವಾ.

ಮೊದಲು ಒಂದು ಹಳೆಯ ಕಥೆ. 2013ರಲ್ಲಿ ಬ್ಲಾಗರ್‌ಗೆ ಗೂಗಲ್‌ನದೇ ಸಾಮಾಜಿಕ ಜಾಲವಾದ ಗೂಗಲ್ ಪ್ಲಸ್‌ನ ಕಾಮೆಂಟು ಜೋಡಿಸುವ ಸೌಲಭ್ಯ ಬಂತು. ನೀವು ಕೇಳುತ್ತಿರುವುದು ಹೆಚ್ಚು ಕಡಿಮೆ ಅದೇ, ಜಾಲದಲ್ಲಿ ಆದ ಮಾತೆಲ್ಲ ಬ್ಲಾಗಿನ ಕೆಳಗೆ. ಬಹಳ ಜನ ಖುಷಿಯಿಂದ ಆನ್ ಮಾಡಿದರು. 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗ ಆ ಕಾಮೆಂಟುಗಳೂ ಹೋದವು. ಬರಹ ಉಳಿಯಿತು, ಕೆಳಗಿನ ಮಾತು ಮಾಯ. ಕಾಮೆಂಟು ಬೇರೆಯವರ ಸರ್ವರ್‌ನಲ್ಲಿದ್ದು ಬ್ಲಾಗಿನಲ್ಲಿ ಬರೀ ಕಾಣಿಸುತ್ತಿದ್ದರೆ ಅದು ನಿಮ್ಮದಲ್ಲ. ಹಾಗಾಗಿ ಏನು ಜೋಡಿಸಿದರೂ ನಾನು ಕೇಳುವುದು ಒಂದೇ, ನಾಳೆ ಆ ಕಡೆಯವರು ಬಾಗಿಲು ಹಾಕಿದರೆ ನನ್ನ ಡೇಟಾಬೇಸಿನಲ್ಲಿ ಏನು ಉಳಿಯುತ್ತದೆ?

ಈ ಪರೀಕ್ಷೆಯಲ್ಲಿ ಪಾಸಾಗುವ ದಾರಿ ಎರಡು ಇವೆ. ಒಂದು ವೆಬ್‌ಮೆನ್ಶನ್, 2017ರಿಂದ ವೆಬ್‌ನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಮಾನಕ. ಯಾರಾದರೂ ನಿಮ್ಮ ಬರಹಕ್ಕೆ ಕೊಂಡಿ ಕೊಟ್ಟರೆ ಅವರ ತಾಣ ನಿಮ್ಮ ತಾಣಕ್ಕೆ "ನಿಮ್ಮ ಬಗ್ಗೆ ಇಲ್ಲಿ ಮಾತಾಡಿದ್ದೇನೆ" ಅಂತ ಹೇಳುತ್ತದೆ, ನಿಮ್ಮ ಬ್ಲಾಗ್ ಅದನ್ನು ಕಾಮೆಂಟಾಗಿ ಉಳಿಸಿಕೊಳ್ಳುತ್ತದೆ. ಬ್ರಿಡ್ಜಿ ಅನ್ನುವ ಸೇವೆ ಮಾಸ್ಟೊಡಾನ್, ಬ್ಲೂಸ್ಕೈಗಳಲ್ಲಿ ಬಂದ ಉತ್ತರಗಳನ್ನು ಹೀಗೆ ತಂದುಕೊಡುತ್ತದೆ.

ಎರಡನೆಯದು ನನಗೆ ಜಾಸ್ತಿ ಇಷ್ಟ. ವರ್ಡ್‌ಪ್ರೆಸ್‌ನ ಆ್ಯಕ್ಟಿವಿಟಿಪಬ್ ಪ್ಲಗಿನ್, 2023ರಿಂದ ಜೆಟ್‌ಪ್ಯಾಕ್ ಮಾಡುವ ಆಟೊಮ್ಯಾಟಿಕ್ ಸಂಸ್ಥೆಯ ಕೈಯಲ್ಲಿದೆ. ಇದು ಬ್ಲಾಗಿನಿಂದ ಮಾಸ್ಟೊಡಾನ್‌ಗೆ ಕಳಿಸುವುದಿಲ್ಲ, ಬ್ಲಾಗನ್ನೇ ಒಂದು ಖಾತೆ ಮಾಡಿಬಿಡುತ್ತದೆ. ಮಾಸ್ಟೊಡಾನ್‌ನಲ್ಲಿರುವವರು ನಿಮ್ಮ ಬ್ಲಾಗನ್ನು ನೇರ ಫಾಲೋ ಮಾಡುತ್ತಾರೆ, ಅವರು ಅಲ್ಲಿ ಉತ್ತರ ಬರೆದರೆ ಅದು ನಿಮ್ಮ ಕಾಮೆಂಟುಗಳ ಸಾಲಿಗೆ ಬರುತ್ತದೆ, ಒಪ್ಪುವುದೋ ಬಿಡುವುದೋ ನಿಮ್ಮ ಕೈಯಲ್ಲಿ. ಶುರುವಿನಲ್ಲಿ ಖಾತೆ ಬಣಬಣ ಅನ್ನುತ್ತದೆ. ಫಾಲೋ ಮಾಡಿದ ಮೇಲೆ ಬರೆದದ್ದು ಮಾತ್ರ ಅವರಿಗೆ ತಲುಪುವುದು, ಹಳೆಯ ಬರಹ ಹಿಂದಕ್ಕೆ ಹೋಗಿ ತುಂಬುವುದಿಲ್ಲ. ಮತ್ತೆ ನಿಮ್ಮ ಹೋಸ್ಟಿಂಗ್ ಬಡಕಲಾಗಿದ್ದರೆ ಒಂದು ಎಚ್ಚರಿಕೆ. ಲಿಂಕು ಹಬ್ಬಿದಾಗ ಪ್ರತಿಯೊಂದು ಮಾಸ್ಟೊಡಾನ್ ಸರ್ವರ್ ಕೂಡ ಪ್ರಿವ್ಯೂಗಾಗಿ ನಿಮ್ಮ ಪುಟವನ್ನು ತಾನೇ ಬಂದು ಓದುತ್ತದೆ, ಹೆಚ್ಚು ಕಡಿಮೆ ಎಲ್ಲ ಒಟ್ಟಿಗೆ. ಪುಟವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುವ ಕ್ಯಾಶ್ ಪ್ಲಗಿನ್ ಹಾಕಿಕೊಂಡಿರಿ.

ಫೇಸ್‌ಬುಕ್ಕಿನ ವೈಯಕ್ತಿಕ ಗೋಡೆಯ ಕಾಮೆಂಟನ್ನು ತರುವ ಆಸೆ ಬಿಡಿ. ದಾರಿ ಇದ್ದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಅಲ್ಲಿ ಗೆಳೆಯರ ನಡುವೆ ಅಂದುಕೊಂಡು ಬರೆದದ್ದನ್ನು ಎತ್ತಿ ತಂದು ಹುಡುಕಿದರೆ ಸಿಗುವ ಜಾಗದಲ್ಲಿ ಇಡುವುದು ಚೆನ್ನಾಗಿರುವುದಿಲ್ಲ.

ಹಳೇಪೆನ್ನು

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಕೂತು ಮಾಡಿದೆ, ವರದಿ ಕೊಡುತ್ತೇನೆ.

ಟ್ಯಾಗ್ ಮುಚ್ಚದವರ ಊಹೆ ನಿಜವಾಯಿತು, ಎರಡಲ್ಲ, ಚಿತ್ರದ ಟ್ಯಾಗು ಮೂರು ಇದ್ದವು. ಮೂರನೆಯದು ಶೇರ್ ಬಟನ್ ತೋರಿಸುವ ಪ್ಲಗಿನ್ನಿನದು. ಆ ಪ್ಲಗಿನ್ನನ್ನೇ ತೆಗೆದೆ, ಬಟನ್ ಯಾರೂ ಒತ್ತುತ್ತಿರಲಿಲ್ಲ. ಪ್ರಿವ್ಯೂ ಈಗ ಸರಿಯಾಗಿ ಬರುತ್ತಿದೆ, ವಾಟ್ಸ್ಆ್ಯಪ್‌ನಲ್ಲೂ.

ಫೇಸ್‌ಬುಕ್, ಎಕ್ಸ್ ಎರಡಕ್ಕೂ ಕೈಯಾರೆ ಹಾಕುವುದು ಅಂತ ತೀರ್ಮಾನಿಸಿದೆ. ನಿಧಾನಿ ಹೇಳಿದ ಹಾಗೆ ನಾಲ್ಕು ಸಾಲು ಬೇರೆ ಬರೆದು ಹಾಕಿದೆ, ಎರಡು ವರ್ಷದಿಂದ ಸದ್ದಿಲ್ಲದಿದ್ದ ಒಬ್ಬರು ಬಂದು ನನ್ನ ವಾದ ತಪ್ಪು ಅಂತ ಉದ್ದಕ್ಕೆ ಬರೆದರು. ಎಷ್ಟು ಖುಷಿಯಾಯಿತು ಅಂದರೆ! ಎಕ್ಸ್‌ನ 280 ಅಕ್ಷರದ ಮಿತಿಯಲ್ಲಿ ಕನ್ನಡ ಬೇಗ ಮುಗಿದುಹೋಗುತ್ತದೆ, ಒತ್ತು ಕೊಂಬನ್ನೆಲ್ಲ ಅದೂ ಎಣಿಸುತ್ತದೆ ಅಂತ ಈಗ ಅರ್ಥವಾಯಿತು. ಲಿಂಕಿಗೆ ಮಾತ್ರ ಎಷ್ಟೇ ಉದ್ದವಿದ್ದರೂ 23 ಅಂತಲೇ ಲೆಕ್ಕ, ಪುಣ್ಯ.

ಆ್ಯಕ್ಟಿವಿಟಿಪಬ್ ಹಾಕಿದ್ದೇನೆ, ಈವರೆಗೆ ಆರು ಜನ ಫಾಲೋ ಮಾಡಿದ್ದಾರೆ, ಅದರಲ್ಲಿ ಒಂದು ನಾನೇ. ಒಂದೇ ಅನುಮಾನ ಉಳಿದಿದೆ. ಬ್ಲಾಗಿನಲ್ಲಿ ಬರಹ ಅಳಿಸಿದರೆ ಅಲ್ಲೆಲ್ಲ ಅಳಿಯುತ್ತದಾ?

ಬೇಲಿಹೂ

ಅಳಿಸಿ ಅಂತ ಎಲ್ಲ ಸರ್ವರ್‌ಗೂ ಕೋರಿಕೆ ಹೋಗುತ್ತದೆ, ಮಾಸ್ಟೊಡಾನ್ ಸಾಮಾನ್ಯವಾಗಿ ಕೇಳುತ್ತದೆ, ಕೇಳದವರನ್ನು ನೀವು ಏನೂ ಮಾಡುವ ಹಾಗಿಲ್ಲ. ಅಳಿಸಬೇಕಾಗಬಹುದು ಅನ್ನಿಸುವ ಬರಹವನ್ನು ಒಂದು ರಾತ್ರಿ ಡ್ರಾಫ್ಟಿನಲ್ಲೇ ಇಡಿ. ವಿಳಾಸ ಕೊಡಿ, ಏಳನೆಯವಳು ನಾನಾಗುತ್ತೇನೆ.